ಹಿಂದೆ ಓಡುವ ಪ್ರೋಗ್ರಾಮು ಮತ್ತು ಚಿಕ್ಕತಾಯಮ್ಮನ ಸೋಬಾನೆ

ಬೆಳಿಗ್ಗೆ ಅಂಗಡಿಗೆ ಬಂದು ಕಂಪ್ಯೂಟರ್ ಹಾಕಿದ ಮೇಲೆ ಕೆಲವರು ಅದರ ಪಕ್ಕದ ದೇವರ ಪಟಕ್ಕೆ ಕೈಮುಗಿಯುತ್ತಾರೆ, ಕೆಲವರು ರಾಶಿಫಲ ನೋಡುತ್ತಾರೆ. ನನ್ನ ಅಭ್ಯಾಸವೇ ಬೇರೆ. ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆಗೆದು, ಅಲ್ಲಿ ಸಾಲಾಗಿ ನಿಂತಿರುವ ಪ್ರೋಗ್ರಾಮುಗಳಲ್ಲಿ ಒಂದನ್ನು ಹುಡುಕಿ, ಮೌಸಿನ ಬಲಗುಂಡಿ ಒತ್ತಿ, ಅದರ ಪ್ರಯಾರಿಟಿಯನ್ನು ‘ಲೋ’ ಮಾಡುತ್ತೇನೆ. ಆಮೇಲೆ ಕಾಫಿ. ಸಂಜೆ ಮಿಷನ್ನು ಆರಿಸಿದರೆ ಇದೆಲ್ಲ ಅದಕ್ಕೆ ಮರೆತುಹೋಗುತ್ತದೆ. ಮಾರನೆಯ ದಿನ ಆ ಪ್ರೋಗ್ರಾಮು ಮತ್ತೆ ಎಲ್ಲರ ಸಮಕ್ಕೆ ಎದೆ ಉಬ್ಬಿಸಿಕೊಂಡು ನಿಂತಿರುತ್ತದೆ. ಮತ್ತೆ ಅದನ್ನು ಕೆಳಗೆ ಕೂರಿಸಬೇಕು. ಇಷ್ಟು ವರ್ಷದಲ್ಲಿ ನಾನು ಯಾರ ಮೇಲಾದರೂ ದಿನಾ ಅಧಿಕಾರ ಚಲಾಯಿಸಿದ್ದರೆ ಅದು ಈ ಪ್ರೋಗ್ರಾಮಿನ ಮೇಲೆ ಮಾತ್ರ.

ನನ್ನ ಕೆಲಸ ಮದುವೆ ವಿಡಿಯೋ ಮಿಕ್ಸಿಂಗು. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಶಂಕ್ರಣ್ಣನ ಸ್ಟುಡಿಯೋ ಇದೆ. ಮುಂದುಗಡೆ ಪಾಸ್‌ಪೋರ್ಟ್ ಸೈಜ್ ಫೋಟೋ, ಹಿಂದುಗಡೆ ಕಿಟಕಿಯಿಲ್ಲದ ಕೋಣೆಯಲ್ಲಿ ನಾನು. ಕ್ಯಾಮರಾದವರು ತಂದು ಸುರಿದ ಮದುವೆಯನ್ನು ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ, ಕೊನೆಗೆ ಒಂದೇ ವಿಡಿಯೋ ಆಗುವಂತೆ ಕಂಪ್ಯೂಟರಿಗೆ ಒಪ್ಪಿಸುತ್ತೇನೆ. ಅದಕ್ಕೆ ರೆಂಡರ್ ಎನ್ನುತ್ತಾರೆ. ನಾನು ಬೇಯಿಸುವುದು ಎನ್ನುತ್ತೇನೆ. ಗಂಟೆಗಟ್ಟಲೆ ಬೇಯುತ್ತದೆ.

ಮನೆ ಇರುವುದು ಪಾಂಡವಪುರದಲ್ಲಿ, ಬಾಡಿಗೆಗೆ. ಒಬ್ಬಳೇ. ನನ್ನ ಮದುವೆ ಆಗಲಿಲ್ಲ. ಕೇಳಿದವರಿಗೆ ಹೇಳಲು ಅದಕ್ಕೊಂದು ಒಳ್ಳೆಯ ಕತೆಯೂ ಇಲ್ಲ. ಬಂದವರು ನೋಡಿಕೊಂಡು ಹೋದರು, ಆಮೇಲೆ ಬರುವವರೂ ಇಲ್ಲವಾದರು, ಅಷ್ಟೆ. ಬೇರೆಯವರ ಮದುವೆ ಮಾತ್ರ ನಾನು ನೋಡಿದಷ್ಟು ಈ ತಾಲ್ಲೂಕಿನಲ್ಲಿ ಪುರೋಹಿತರೂ ನೋಡಿರಲಾರರು. ಅದರಲ್ಲೂ ಒಂದೊಂದು ಮದುವೆಯನ್ನು ಹಿಂದೆ ಮುಂದೆ ಓಡಿಸಿ ಹತ್ತಾರು ಸಲ.

ಇದರಿಂದ ಒಂದು ವಿಚಿತ್ರ ಆಗಿದೆ. ನನಗೆ ಊರೂರಿನ ಜನರ ಮುಖ ಗೊತ್ತು. ಯಾವ ಮಾವ ಊಟಕ್ಕೆ ಕೂರುವ ಮೊದಲು ಪಕ್ಕದ ಎಲೆ ನೋಡುತ್ತಾನೆ, ಯಾವ ಅತ್ತೆ ಕ್ಯಾಮರಾ ಬಂದಾಗ ಮಾತ್ರ ಅಳುತ್ತಾಳೆ, ಎಲ್ಲ ಗೊತ್ತು. ಅವರಲ್ಲಿ ಒಬ್ಬರಿಗೂ ನಾನು ಗೊತ್ತಿಲ್ಲ. ಒಂದು ದಿನ ಬಸ್ಸಿನಲ್ಲಿ ಎದುರು ಸೀಟಿಗೆ ಒಬ್ಬ ಹುಡುಗಿ ಬಂದು ಕೂತಳು, ಮಡಿಲಲ್ಲಿ ಮಗು. ಧಾರೆಯ ಹೊತ್ತಿಗೆ ಸೀನು ಬಂದು, ತಡೆದುಕೊಳ್ಳಲಾಗದೆ ಸೀನಿ, ಅಮ್ಮನ ಮುಖ ನೋಡಿ ನಕ್ಕಿದ್ದವಳು. ಆ ನಗು ಎಷ್ಟು ಚೆನ್ನಾಗಿತ್ತೆಂದರೆ ಸೀನನ್ನು ಮಾತ್ರ ತೆಗೆದು ನಗು ಉಳಿಸಲು ಅರ್ಧ ದಿನ ಒದ್ದಾಡಿದ್ದೆ. ಹಳೆಯ ಗೆಳತಿ ಸಿಕ್ಕಂತಾಯಿತು. ನೋಡಿ ನಕ್ಕೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಚಿನಕುರಳಿ ಬರುವ ತನಕ ನಾನು ನನ್ನ ಟಿಕೆಟ್ಟನ್ನೇ ಓದಿದೆ.

ಕಂಪ್ಯೂಟರಿನ ವಿಷಯಕ್ಕೆ ಬರುತ್ತೇನೆ. ಮೊದಲೆಲ್ಲ ಒಂದು ಮದುವೆ ಬೇಯಲು ಇಟ್ಟರೆ ಇನ್ನೊಂದನ್ನು ಮುಟ್ಟುವ ಹಾಗಿರಲಿಲ್ಲ. ಮೌಸಿನ ಬಾಣ ಗಾಣದೆತ್ತಿನಂತೆ ನಡೆಯುತ್ತಿತ್ತು. ಒಮ್ಮೆ ಮಿಷನ್ನು ಪೂರ್ತಿ ಕೈಕೊಟ್ಟಾಗ ರಿಪೇರಿಗೆ ನಾಗಮಂಗಲದಿಂದ ಮಂಜು ಎಂಬ ಹುಡುಗ ಬಂದ. ಧೂಳು ಒರೆಸಿ, ಫ್ಯಾನು ಬದಲಿಸಿ, ಹೊರಡುವಾಗ ನನ್ನ ಗೋಳು ಕೇಳಿ ಈ ಪ್ರಯಾರಿಟಿಯ ವಿದ್ಯೆ ತೋರಿಸಿಕೊಟ್ಟ.

“ಅಕ್ಕ, ಒಳಗಡೆ ಒಂದೇ ಸಮ ನೂರಾರು ಪ್ರೋಗ್ರಾಮು ಕೆಲ್ಸ ಕೇಳ್ತಾ ಇರ್ತವೆ. ನಿಮ್ ಕಣ್ಣಿಗೆ ಕಾಣೋದು ಒಂದೆರಡು. ಮಿಕ್ಕಿದ್ದೆಲ್ಲ ಹಿಂದೆ ಓಡ್ತಿರ್ತವೆ. ಯಾರ ಸರದಿ ಮೊದ್ಲು, ಯಾರ್ದು ಆಮೇಲೆ ಅಂತ ಮಿಷನ್ನೇ ಗಳಿಗೆ ಗಳಿಗೆಗೂ ಹಂಚ್ತದೆ. ಈ ರೆಂಡರ್ ಪ್ರೋಗ್ರಾಮನ್ನ ಕೆಳಗಾಕುಬುಡಿ. ನಿಮ್ ಕೈಕೆಲ್ಸ ಮೊದ್ಲು ನಡೀತದೆ.”

“ಕೆಳಗೆ ಹಾಕಿದ್ರೆ ನಿಂತೋಗಲ್ವಾ?”

“ನಿಲ್ಲಲ್ಲ. ಬೇರೆ ಯಾರ್ಗೂ ಬ್ಯಾಡ್ದಿದ್ದಾಗ ಅದು ಓಡ್ತದೆ.”

ಅವನು ಸುಮ್ಮನೆ ಹೇಳಿದ ಮಾತು. ನನಗೆ ಥಟ್ಟನೆ ಅಪ್ಪನ ಗದ್ದೆ ಕಣ್ಣಿಗೆ ಬಂತು. ನಮ್ಮ ಗದ್ದೆ ಇದ್ದುದು ಕಾಲುವೆಯ ಕೊನೆಯಲ್ಲಿ. ನೀರುಗಂಟಿ ತೂಬು ಎತ್ತಿದರೆ ಮೊದಲು ಮೇಲಿನ ಗದ್ದೆಗಳು, ಆಮೇಲೆ ನಡುವಿನವು, ಎಲ್ಲರದೂ ತುಂಬಿ ಮಿಕ್ಕರೆ ನಮಗೆ. ನಾನು ಬುತ್ತಿ ತೆಗೆದುಕೊಂಡು ಹೋಗುವಾಗ ಅಪ್ಪ ಬದುವಿನ ಮೇಲೆ ಕೂತು, ಒಣಗಿದ ಕಾಲುವೆಯನ್ನು ಟೀವಿ ನೋಡುವ ಹಾಗೆ ನೋಡುತ್ತಿದ್ದ. ಒಬ್ಬರೊಡನೆಯೂ ಜಗಳಕ್ಕೆ ಹೋದವನಲ್ಲ. ಮಧ್ಯಾಹ್ನ ಕಳೆದು, ಮುದ್ದೆ ಉಂಡು, ತೂಕಡಿಸಿ ಎದ್ದಾಗ, ಕಾಲುವೆಯ ಬುಡದಲ್ಲಿ ಒಣ ಎಲೆಗಳನ್ನು ತಳ್ಳಿಕೊಂಡು ಕೆಂಪಗಿನ ನೀರಿನ ನಾಲಿಗೆ ಬರುತ್ತಿತ್ತು. “ಬತ್ತಾ ಅದೆ ನೋಡು ಮಗ, ಊರೋರ್ಗೆಲ್ಲಾ ಬ್ಯಾಡಾದ್ ನೀರು” ಎಂದು ಅಪ್ಪ ಸಂಭ್ರಮದಿಂದ ಎದ್ದು ಗುದ್ದಲಿ ಹಿಡಿಯುತ್ತಿದ್ದ. ಆ ನೀರಿಗೂ ಬೆಳೆ ಬರುತ್ತಿತ್ತು. ಬರುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮಂಜು ಇನ್ನೊಂದು ಮಾತು ಹೇಳಿದ. ಎಲ್ಲೋ ಒಂದು ದೊಡ್ಡ ಕಂಪ್ಯೂಟರನ್ನು ಕಾಯಂ ಆಗಿ ನಿಲ್ಲಿಸುವಾಗ, ಯಾರೋ ಯಾವಾಗಲೋ ಕೊಟ್ಟ ಒಂದು ಸಣ್ಣ ಕೆಲಸ ವರ್ಷಗಟ್ಟಲೆಯಿಂದ ಸರದಿ ಸಿಗದೆ ಒಳಗೇ ಕಾಯುತ್ತಿದ್ದುದು ಕಂಡಿತಂತೆ. “ಈಗಿನ ಮಿಷನ್ನು ಅಂಗಲ್ಲ ಅಕ್ಕ. ಬಾಳ ಹೊತ್ತು ಕಾದಿದ್ದನ್ನ ವಸಿ ಮೇಲಕ್ಕೆ ತಗೋತವೆ” ಎಂದು ಸಮಾಧಾನವನ್ನೂ ಹೇಳಿದ. ನನ್ನ ಮುಖ ಏನಾಗಿತ್ತೋ.

ಬೋರೇಗೌಡರು ಬಂದದ್ದು ಮದುವೆ ಸೀಸನ್ನಿಗೆ ಸ್ವಲ್ಪ ಮುಂಚೆ. ಊರು ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರು. ಅಲ್ಲಿಂದ ಪೇಟೆಗೆ ಏಕೆ ಬಂದರೆಂದರೆ, ಅವರ ಹೆಂಡತಿಯ ತವರು ಇಲ್ಲೇ ಹೊಸಹೊಳಲು. ಶಂಕ್ರಣ್ಣ ಅವರನ್ನು ನನ್ನ ಕೋಣೆಗೆ ಕಳಿಸಿದ. ಟವೆಲ್ಲಿನಲ್ಲಿ ಸುತ್ತಿದ್ದ ಒಂದು ಫೋಟೋವನ್ನು ಬಿಚ್ಚಿ ಕೀಬೋರ್ಡಿನ ಮೇಲೇ ಇಟ್ಟರು.

“ನಮ್ಮೋಳು ಕವ್ವ, ಚಿಕ್ಕತಾಯಮ್ಮ. ಓದ್ವರ್ಷ ತೀರ್ಕಂಡ್ಲು. ಫೋಟೋ ಬೇಕಾದಂಗೆ ಅವೆ. ದನಿ ಇಲ್ಲ. ಮೊಮ್ಮಗಳು ಪವಿತ್ರಂಗೆ ಮದ್ವೆ ಗೊತ್ತಾಗಿ ಅದೆ. ಚಪ್ಪರದ ದಿವ್ಸ ಅಜ್ಜಿ ಸೋಬಾನೆ ಒಂದಾದ್ರೂ ಕೇಳ್ಬೇಕು ಅಂತದೆ ಮೊಗ. ತವ್ರೂರಿನ ಮದ್ವೆಗೆಲ್ಲಾ ಅವಳೇ ಆಡ್ತಿದ್ದುದು. ನೀವೇ ಅಲ್ವಾ ವಿಡಿಯೋ ಮಾಡಿದ್ದು?”

ಫೋಟೋ ನೋಡಿದೆ. ನನಗೆ ಗೊತ್ತಿದ್ದ ಮುಖ! ಹೊಸಹೊಳಲಿನ ಯಾವ ಮದುವೆಯಲ್ಲೂ ಹೆಂಗಸರ ಗುಂಪಿನ ನಡುವೆ, ಗೋಡೆಗೆ ಒರಗಿ ಕೂತು, ಮೊದಲ ಸಾಲು ಎತ್ತುವಾಗ ಎಡಗೈಯನ್ನು ಕಿವಿಗೆ ಅಡ್ಡ ಹಿಡಿಯುತ್ತಿದ್ದ ಹೆಂಗಸು. ಅವಳ ಬಾಯಿ ಆಡುವುದನ್ನು ನಾನು ಎಷ್ಟೋ ವರ್ಷದಿಂದ ಬಲ್ಲೆ. ದನಿ ಮಾತ್ರ ನೆನಪಿಗೆ ಬರಲಿಲ್ಲ. ಯಾಕೆಂದರೆ ಹೆಂಗಸರು ಹಾಡುವ ಜಾಗ ಬಂದರೆ ಅಸಲಿ ದನಿ ತೆಗೆದು ಸಿನಿಮಾ ಹಾಡು ಕೂರಿಸುವುದು ನಮ್ಮ ಕಸುಬಿನ ರೂಢಿ. ಗಿರಾಕಿಗಳು ಕೇಳುವುದೂ ಅದನ್ನೇ. ಗೌಡರು ಈಗಾಗಲೇ ನಾಲ್ಕಾರು ಮನೆಗಳಲ್ಲಿ ಸಿ.ಡಿ. ಹಾಕಿಸಿ ನೋಡಿಬಂದಿದ್ದರು. “ಎಲ್ಲಾದ್ರಾಗೂ ನಮ್ಮೋಳು ಬಾಯ್ ತಗೀತಾಳೆ, ಬ್ಯಾರೆ ಯಾವಳೋ ಆಡ್ತಾಳೆ” ಎಂದರು.

ಮಿಕ್ಸ್ ಮಾಡುವ ಮೊದಲಿನ ವಿಡಿಯೋಗಳು ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದವು. ತೆಗೆದು ಕೇಳಿದೆ. ವಾಲಗ, ಜನರೇಟರು, ಮಕ್ಕಳ ಕಿರಿಚಾಟ. ಅವುಗಳ ತಳದಲ್ಲಿ, ಹೊಳೆಯಾಚೆಯಿಂದ ಕೂಗಿದಂತೆ, ಏನೋ ಒಂದು. ಗಲಾಟೆಯಿಂದ ಹಾಡುವ ದನಿಯನ್ನು ಬಿಡಿಸಿಕೊಡುವ ಪ್ರೋಗ್ರಾಮು ಈಗ ಸಿಗುತ್ತದೆ. ನಮ್ಮ ಹಳೆಯ ಮಿಷನ್ನಿಗೆ ಅದು ಆನೆಭಾರ. ಏಳೆಂಟು ಮದುವೆಗಳ ದನಿ ಬಿಡಿಸಬೇಕು.

“ಆಯ್ತದಾ ಕವ್ವ?”

“ಆಯ್ತದೆ ಗೌಡ್ರೇ. ನಿಧಾನ ಆಯ್ತದೆ.”

ಶಂಕ್ರಣ್ಣನಿಗೆ ಹೇಳಲಿಲ್ಲ. ಹೇಳದಿರಲು ಕಾರಣವೂ ಇರಲಿಲ್ಲ. ಯಾರನ್ನೂ ಏನೂ ಕೇಳದೆ ಬದುಕಿ ಅಭ್ಯಾಸವಾದವರಿಗೆ ಕೇಳಬಹುದು ಎನ್ನುವುದೇ ಹೊಳೆಯುವುದಿಲ್ಲ. ಪ್ರೋಗ್ರಾಮನ್ನು ಶುರು ಮಾಡಿ, ಎಲ್ಲಕ್ಕಿಂತ ಕೆಳಗೆ, ಲೋ ಪ್ರಯಾರಿಟಿಗೆ ಹಾಕಿ, ಕಿಟಕಿ ಕುಗ್ಗಿಸಿಬಿಟ್ಟೆ. ಸಂಜೆ ಆರಿಸಿದರೂ ಮಾರನೆಯ ದಿನ ಬಿಟ್ಟಲ್ಲಿಂದ ಹಿಡಿಯುತ್ತದೆ, ಹಿಂದೆ ಓಡಿಕೊಂಡಿರಲಿ.

ಗೌಡರು ಹೊಸಹೊಳಲಿಗೆ ಬಂದಾಗಲೆಲ್ಲ ಅಂಗಡಿಗೆ ಬರತೊಡಗಿದರು. ಕೆಲಸ ಎಷ್ಟಾಗಿದೆ ಎಂದು ತೋರಿಸುವ ಹಸಿರು ಪಟ್ಟಿಯನ್ನು ತೋರಿಸಿದೆ. ಆ ಶೇಕಡಾ ಲೆಕ್ಕ ಅವರಿಗೆ ಹಿಡಿಸಲಿಲ್ಲ. ತಾವೇ ಒಂದು ಲೆಕ್ಕ ಮಾಡಿಕೊಂಡರು: ಪಟ್ಟಿಯ ಈ ತುದಿ ಪೇಟೆ, ಆ ತುದಿ ಕಿರಂಗೂರು.

“ಎಲ್ಲಿಗಂಟ ಬಂದವ್ಳೆ?” ಎನ್ನುವರು ಒಳಗೆ ಬರುತ್ತಲೇ.

“ಇನ್ನೂ ಪೇಟೆ ಬಸ್ ಸ್ಟ್ಯಾಂಡ್ ಬಿಟ್ಟಿಲ್ಲ ಗೌಡ್ರೇ.”

“ಇರ್ಲಿ ಬುಡು. ಸೀರೆ ಉಡಕ್ಕೇ ಅವಳ್ಗೆ ಹೊತ್ತಾಯ್ತಿತ್ತು.”

ಇನ್ನೊಂದು ಸಲ ಬಂದಾಗ ಪಟ್ಟಿ ಅರ್ಧ ದಾರಿಯ ಚಿನಕುರಳಿ ಹತ್ತಿರ ಇತ್ತು. ಗೌಡರು ಖುಷಿಯಾಗಿ ನನಗೆ ಚುರುಮುರಿ ತಂದುಕೊಟ್ಟರು. ಇಬ್ಬರೂ ತಿಂದೆವು. ಆ ಕೋಣೆಯಲ್ಲಿ ಇನ್ನೊಬ್ಬರ ಜೊತೆ ಕೂತು ನಾನು ಏನನ್ನೂ ತಿಂದಿರಲಿಲ್ಲ. ಚುರುಮುರಿಯ ಸದ್ದು ಇಷ್ಟು ಜೋರೆಂದು ಗೊತ್ತೇ ಇರಲಿಲ್ಲ.

ಆಮೇಲೆ ಸೀಸನ್ನು ಶುರುವಾಯಿತು. ಒಂದು ಮದುವೆ ಬೇಯುತ್ತಿರುವಾಗ ಇನ್ನೊಂದನ್ನು ಕತ್ತರಿಸುತ್ತಿದ್ದೆ, ಮೂರನೆಯದು ಬಾಗಿಲಲ್ಲಿ. ಮಿಷನ್ನಿಗೆ ಒಂದು ಗಳಿಗೆ ಬಿಡುವಿಲ್ಲ. ಹಸಿರು ಪಟ್ಟಿ ಚಿನಕುರಳಿಯಲ್ಲೇ ನಿಂತಿತು. ಗೌಡರು ಬಂದರು, ನೋಡಿದರು, ಹೋದರು. ಇನ್ನೊಮ್ಮೆ ಬಂದರು. ಅಲ್ಲೇ ಇತ್ತು.

“ಬಸ್ಸು ಕೆಟ್ಟೋಗಿ ನಿಂತದಾ?”

“ಇಲ್ಲ ಗೌಡ್ರೇ. ಬೇರೆ ಬಸ್ಸುಗಳ್ಗೆ ದಾರಿ ಬಿಟ್ಕೊಂಡು ನಿಂತದೆ.”

ಅವರು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು ಪಟ್ಟಿಯನ್ನೇ ನೋಡುತ್ತಾ, “ಚಪ್ಪರಕ್ಕೆ ಇನ್ನೇನ್ ಬಾಳ ದಿವ್ಸ ಇಲ್ಲ ಕವ್ವ. ಆಗ್ದಿದ್ರೆ ಆಗಾಕಿಲ್ಲ ಅಂದ್ಬುಡು. ಮೊಗೀಗೆ ಏನಾರ ಏಳ್ತೀನಿ” ಎಂದರು. ಆಮೇಲೆ ಟವೆಲ್ಲು ಕೊಡವಿ ಎದ್ದವರು, “ನಂಗೂ ಒಂದ್ಕಿತ ಕೇಳ್ಬೇಕು ಅಂತಿತ್ತು. ಅವಳು ಆಡೋದ ನಾನು ಎದ್ರುಗೆ ಕುಂತು ಕೇಳೇ ಇಲ್ಲ. ಎಂಗಸ್ರು ಒಳಗೆ ಆಡ್ತಿದ್ರೆ ನಾವು ಆಚೆ ಚಪ್ಪರಕ್ಕೆ ಗರಿ ಕಟ್ತಿರ್ತೀವಿ. ಗೋಡೆ ಈಚೆಯಿಂದ್ಲೇ ಕೇಳಿದ್ದು, ಬದುಕೆಲ್ಲಾ” ಎಂದು ಹೇಳಿ ಹೋದರು.

ಅವರು ಬಸ್ಸು ಹತ್ತುವಷ್ಟರಲ್ಲಿ ನಾನು ಟಾಸ್ಕ್ ಮ್ಯಾನೇಜರ್ ತೆಗೆದಿದ್ದೆ. ಆ ಪ್ರೋಗ್ರಾಮನ್ನು ಹುಡುಕಿ, ಲೋ ಇಂದ ಎತ್ತಿ, ನಡುವಿನ ಮೆಟ್ಟಿಲುಗಳನ್ನೆಲ್ಲ ದಾಟಿಸಿ, ‘ಹೈ’ ಮಾಡಿದೆ. ಎಚ್ಚರಿಕೆಯ ಕಿಟಕಿ ಬಂತು, ಮಿಷನ್ನು ಅಸ್ಥಿರವಾಗಬಹುದು ಎಂದಿತು. ಆಗಲಿ ಎಂದು ಒತ್ತಿದೆ.

ಅದೇ ಹೊತ್ತಿಗೆ ಹೊರಗಿನ ಟೀವಿಯಲ್ಲಿ ಶಂಕ್ರಣ್ಣ ಒಂದು ದೊಡ್ಡ ಮನೆತನದವರಿಗೆ ಅವರ ಮಗನ ಮದುವೆ ತೋರಿಸುತ್ತಿದ್ದ. ಆ ಟೀವಿಗೆ ಚಿತ್ರ ಹೋಗುವುದು ನನ್ನ ಮಿಷನ್ನಿನಿಂದಲೇ. ಮಾಂಗಲ್ಯಧಾರಣೆ. ಗಂಡು ತಾಳಿ ಹಿಡಿದು ಹೆಣ್ಣಿನ ಕೊರಳ ತನಕ ತಂದ. ಕೈ ಅಲ್ಲೇ ನಿಂತಿತು. ಅಕ್ಷತೆ ಗಾಳಿಯಲ್ಲಿ ನಿಂತಿತು. ವಾಲಗ ಒಂದೇ ಸ್ವರ ಹಿಡಿದು “ಗ್ಗ್ಗ್ಗ್” ಎಂದಿತು. ಹುಡುಗನ ತಾಯಿ ಎದ್ದು ನಿಂತು, “ಅಯ್ಯೋ, ಕಟ್ಟೋ ಮಗ!” ಎಂದು ಕೂಗಿದ್ದು ನನ್ನ ಕೋಣೆಗೆ ಕೇಳಿಸಿತು.

ಶಂಕ್ರಣ್ಣ ಒಳಗೆ ಓಡಿ ಬಂದ. “ಏನಕ್ಕ ಇದು! ಶುಭಕಾರ್ಯ, ಅವ್ರು ಅಪಶಕುನ ಅಂತಾವ್ರೆ!” ಬಾಣ ಅಲುಗುತ್ತಿರಲಿಲ್ಲ. ಹೇಗೋ ಒದ್ದಾಡಿ ಪ್ರೋಗ್ರಾಮನ್ನು ಮತ್ತೆ ಲೋಗೆ ಇಳಿಸಿದೆ. ಬಂದವರನ್ನು ಸಮಾಧಾನ ಮಾಡಿ ಕಳಿಸಿ ಅವನು ಮತ್ತೆ ಬಂದಾಗ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಅವನೊಂದಿಗೆ ಅಷ್ಟು ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು.

ಶಂಕ್ರಣ್ಣ ತಲೆ ಕೆರೆದುಕೊಂಡ. “ಅಲ್ಲ ಕಣಕ್ಕ, ಸಂಜೆ ಬಾಗ್ಲಾಕಿ ಓದ್ಮೇಲೆ ಮಿಷನ್ನು ಸುಮ್ಕೆ ತಾನೆ ಬಿದ್ದಿರ್ತದೆ? ಆರಿಸ್ದೆ ಬುಟ್ಟೋಗಿ. ಅದ್ರ ಪಾಡಿಗ್ ಅದು ಓಡ್ತದೆ. ಒಂದ್ ಮಾತು ಕೇಳಿದ್ರೆ ನಾನೇನು ಬ್ಯಾಡ ಅಂತಿದ್ನಾ?”

ಅಷ್ಟೇ. ಇದು ನನಗೆ ಹೊಳೆದಿರಲಿಲ್ಲ. ದಿನಾ ಸಂಜೆ ದೀಪ ಆರಿಸಿದಂತೆ ಮಿಷನ್ನು ಆರಿಸಿ ಹೋಗುತ್ತಿದ್ದೆ, ದಿನಾ ಬೆಳಿಗ್ಗೆ ಬಂದು ಆ ಪ್ರೋಗ್ರಾಮನ್ನು ಕೆಳಗೆ ಕೂರಿಸುತ್ತಿದ್ದೆ. ಎದುರು ಯಾರೂ ಇಲ್ಲದಾಗ ಮೇಲೂ ಒಂದೇ ಕೆಳಗೂ ಒಂದೇ.

ಅಂದಿನಿಂದ ರಾತ್ರಿ ಮಿಷನ್ನು ಆರಿಸದೆ ಬಿಟ್ಟುಹೋಗತೊಡಗಿದೆ. ಸ್ಟುಡಿಯೋಗೆ ರಜೆ ಇದ್ದ ದಿನ ಬೀಗದ ಕೈ ಇಸಿದುಕೊಂಡು ಬಂದೆ. ಬೀದಿಯ ಬಿಸಿಲು ಬಾಗಿಲ ಸಂದಿಯಿಂದ ಗೆರೆಯಂತೆ ಒಳಗೆ ಬಿದ್ದಿತ್ತು. ಪಟ್ಟಿ ಕಿರಂಗೂರು ಮುಟ್ಟಿತ್ತು. ಹೆಡ್‌ಫೋನು ಹಾಕಿಕೊಂಡೆ. ಜನರೇಟರು ಇಲ್ಲ, ಮಕ್ಕಳಿಲ್ಲ. ಒಂದು ಉಸಿರು ಕೇಳಿಸಿತು. ಆಮೇಲೆ ಒರಟಾದ, ಎತ್ತರದ, ಸ್ವಲ್ಪ ಮೂಗಿನಲ್ಲಿ ಬರುವ ದನಿ.

ಅತ್ತೆ ಮನೆಯಾಗೆ ಹೊತ್ತೇರಿ ಎದ್ದಾರೆ
ಕೂಗದ ಕೋಳೀಯ ಬೈಯವ್ವ

ಬಾಯಿ ಆಡುವುದನ್ನಷ್ಟೇ ನೋಡಿದ್ದ ಹೆಂಗಸಿನ ದನಿ. ಹಾಡಿನ ನಡುವೆ ನಿಲ್ಲಿಸಿ, “ಲೇ, ಅಲ್ಲಿ ಮೂಲೇಲಿ ಕುಂತವ್ರಲ್ಲ, ಅವ್ರಿಗೆ ಎಲೆ ಅಡ್ಕೆ ಕೊಟ್ರಾ?” ಎಂದು ಯಾರನ್ನೋ ಗದರಿಸಿ, ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಹಿಡಿದಳು. ನಾನು ಸಂಜೆಯವರೆಗೂ ಕೇಳಿದೆ. ಎಲ್ಲ ಮದುವೆಗಳಲ್ಲೂ ಅದೇ ಹಾಡು ಇತ್ತು. ಚೆನ್ನಾಗಿ ಬಿಡಿಸಿಕೊಂಡು ಬಂದದ್ದು ಒಂದೇ ಕಡೆ, ಅದೂ ಎರಡೆರಡು ಸಾಲಿನ ಎರಡೇ ಪದ. ಮೂರನೆಯದರ ಹೊತ್ತಿಗೆ ವಾಲಗ ಎದ್ದು ದನಿ ಮುಳುಗಿಹೋಗುತ್ತಿತ್ತು. ಬೇರೆ ಬೇರೆ ಮದುವೆಗಳಲ್ಲಿ ಕಿವಿಯಿಟ್ಟು, ಒಂದರಲ್ಲಿ ಒಂದು ಮಾತು, ಇನ್ನೊಂದರಲ್ಲಿ ಇನ್ನೊಂದು ಮಾತು ಹೆಕ್ಕಿ, ಮೂರನೆಯ ಪದವನ್ನು ನನ್ನಷ್ಟಕ್ಕೆ ತಿಳಿದುಕೊಂಡೆ. ಕೇಳಿಸುವ ಹಾಗೆ ಅದನ್ನು ಮಾಡಲು ಆಗಲಿಲ್ಲ.

ಗೌಡರು ಬಂದು ಹೆಡ್‌ಫೋನು ಹಾಕಿಕೊಂಡು ಕೇಳಿದರು. ಕಿವಿ ಮುಚ್ಚಿದ್ದರಿಂದ ಅವರಿಗೆ ತಮ್ಮ ದನಿಯ ಅಂದಾಜಿರಲಿಲ್ಲ. “ನಮ್ಮೋಳೇ ಕಣವ್ವ!” ಎಂದು ಅಂಗಡಿ ಅದುರುವ ಹಾಗೆ ಕೂಗಿದರು. ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದವರು ಬೆಚ್ಚಿ ಎದ್ದರು. ಆಮೇಲೆ ಅಷ್ಟೇ ಜೋರಾಗಿ, “ಇಲ್ಲಿ ಉಸ್ರು ಸಾಲ್ದೆ ಎಳೀತಾವ್ಳೆ. ಕೆಮ್ಮಿತ್ತು ಆಗ” ಎಂದರು. ಹೆಡ್‌ಫೋನು ತೆಗೆದು ಟವೆಲ್ಲಿನಿಂದ ಒರೆಸಿ ಕೊಟ್ಟರು. ಹೊರಡುವಾಗ, “ಚಪ್ಪರಕ್ಕೆ ನೀನು ಬರ್ಲೇಬೇಕು” ಎಂದರು.

ಹೋದೆ. ಕ್ಯಾಮರಾದಲ್ಲಿ ಬಂದ ಮದುವೆಗಳನ್ನು ಬಿಟ್ಟರೆ, ಯಾರೋ ಕರೆದು ನಾನು ಹೋದ ಮದುವೆ ನನಗೆ ಯಾವುದೂ ನೆನಪಿಲ್ಲ. ಕಿರಂಗೂರಿನ ಆ ಮನೆಯ ಮುಂದೆ ಗಂಡಸರು ಗರಿ ಕಟ್ಟುತ್ತಿದ್ದರು. ಒಳಗೆ ನಡುಮನೆಯಲ್ಲಿ ಹೆಂಗಸರು. ಅರಿಶಿನ ಹಚ್ಚಿಕೊಂಡು ಕೂತಿದ್ದ ಪವಿತ್ರ ನನ್ನನ್ನು ನೋಡಿ ನಕ್ಕಳು. ಪಕ್ಕದಲ್ಲಿದ್ದ ನೆಂಟರ ಅಜ್ಜಿಯೊಬ್ಬಳು ಕೇಳಿದಳು: “ಯಾರ ಕಡೆಯೋಳವ್ವ ನೀನು? ಎಣ್ಣಿನ ಕಡೆಯೋಳಾ, ಗಂಡಿನ ಕಡೆಯೋಳಾ?”

“ಸ್ಟುಡಿಯೋದೋಳು” ಎಂದೆ.

“ಮತ್ತೆ ಕ್ಯಾಮ್ರಾ ಎಲ್ಲಿ?” ಎಂದಳು.

ಅಷ್ಟರಲ್ಲಿ ಪವಿತ್ರ ಮೊಬೈಲಿನಿಂದ ಸ್ಪೀಕರಿಗೆ ಹಾಡು ಹಾಕಿದಳು. ಚಿಕ್ಕತಾಯಮ್ಮನ ದನಿ ನಡುಮನೆಗೆ ಬಂತು. ಹೆಂಗಸರು ಮಾತು ನಿಲ್ಲಿಸಿದರು. ಯಾರೋ “ಅಯ್ಯೋ ನಮ್ಮವ್ವ” ಎಂದರು. ಮೊದಲ ಪದ ಮುಗಿದು ಉಳಿದವರು ಸಾಲನ್ನು ಮರಳಿ ಹೇಳಿ ಸೊಲ್ಲು ಕೊಡುವ ಜಾಗ ಬಂದಾಗ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ದನಿಗೂಡಿಸಿದರು. ಸ್ಪೀಕರು ಹಾಡುತ್ತಿತ್ತು, ಇವರು ಸೊಲ್ಲು ಕೊಡುತ್ತಿದ್ದರು. ಎರಡನೆಯ ಪದವೂ ಆಯಿತು.

ಮಾವನ ಎದುರೀಗೆ ಸಾರುಪ್ಪು ಆದಾರೆ
ಉಪ್ಪಿನ ಮಡಕೇಯ ಬೈಯವ್ವ

ಅಲ್ಲಿಗೆ ದನಿ ನಿಂತಿತು. ಎಲ್ಲರೂ ಮುಂದಿನ ಪದಕ್ಕೆ ಕಾದರು. “ಮುಂದ್ಕೆ ಏಳ್ರೇ” ಎಂದಳು ಒಬ್ಬಳು. “ನಂಗೆ ಬರಾಕಿಲ್ಲ.” “ಚಿಕ್ಕತಾಯಿ ಒಬ್ಳಿಗೇ ಗೊತ್ತಿದ್ದುದು ಅದು.” ಅಜ್ಜಿಯ ತುಟಿ ಅಲುಗಿತು. ಮಾತು ಸಿಗಲಿಲ್ಲ. ಪವಿತ್ರ ತಲೆ ತಗ್ಗಿಸಿದಳು.

ನಾನು ಎಂದೂ ನಾಲ್ಕು ಜನರ ಮುಂದೆ ಹಾಡಿದವಳಲ್ಲ. ಆದರೂ ಬಾಯಿ ತೆರೆದೆ.

ತವರ ನೆನೆದಾಗ ಕಣ್ಣೀರು ಬಂದಾರೆ
ಒಲೆಯ ಹೊಗೆಯನ್ನ ಬೈಯವ್ವ

ಇಡೀ ನಡುಮನೆ ಸೊಲ್ಲು ಕೊಟ್ಟಿತು. ಅಜ್ಜಿ ನನ್ನ ತೊಡೆಯ ಮೇಲೆ ಕೈ ಬಡಿದಳು. ಪವಿತ್ರ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಕಿಟಕಿಯಾಚೆ ಗರಿ ಹಿಡಿದು ನಿಂತಿದ್ದ ಬೋರೇಗೌಡರು ಕಂಬಿಗೆ ಮುಖವಿಟ್ಟು ಇಣುಕಿದರು.

“ಯಾರವ್ವ ಅದು ಏಳಿದ್ದು? ನೀನಾ?” ಎಂದರು. ಸ್ವಲ್ಪ ತಡೆದು, “ಅವಳಂಗಿಲ್ಲ ಬುಡು. ಪದ ಮಾತ್ರ ಸರ್ಯಾಗಿ ಅದೆ” ಎಂದರು.

ಊಟ ಮಾಡಿಸಿ, ತಾಂಬೂಲ ಕೊಟ್ಟು, ಅರಿಶಿನ ಕುಂಕುಮ ಇಟ್ಟು ಕಳಿಸಿದರು. ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದೆ. ಸಂಜೆಯಾಗಿತ್ತು. ಬೀಗ ತೆಗೆದೆ. ಮನೆ ಸುಮ್ಮನಿತ್ತು. ರಾತ್ರಿಗೆಂದು ಕುಕ್ಕರಿನಲ್ಲಿ ಒಂದು ಹಿಡಿ ಅಕ್ಕಿ ಇಟ್ಟೆ. ಅದು ಕೂಗುವ ತನಕ ಅಡುಗೆಮನೆಯ ಗೋಡೆಗೆ ಒರಗಿ ಕೂತು, ಮೊದಲ ಪದ ಹೇಳಿದೆ. ಸೊಲ್ಲು ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟು, ಎರಡನೆಯ ಪದ ಹೇಳಿದೆ.